ಸುಳ್ಳು ಗುಂಡಿಯ ಅಂಗಿ

ಅವಳ ಅಂಗಡಿಗೆ ಬೋರ್ಡಿಲ್ಲ. ಬಾಗಿಲ ಪಕ್ಕದ ಮೊಳೆಗೆ ತುಕ್ಕು ಹಿಡಿದ ದೊಡ್ಡ ಕತ್ತರಿಯೊಂದನ್ನು ನೇತುಹಾಕಿದ್ದಾಳೆ, ಅಷ್ಟೇ. ಬಟ್ಟೆ ಹೊಲಿಸಲು ಬಂದವರು ಅದನ್ನು ಅಂಗಡಿಯ ಗುರುತು ಎಂದುಕೊಂಡು ಒಳಗೆ ಹೋಗುತ್ತಾರೆ. ಅವಳ ಮಾತು ಕೇಳಿ ಹೊರಗೆ ಬರುವಾಗ ಅದು ಅವಳ ನಾಲಗೆಯ ಗುರುತು ಎಂದುಕೊಳ್ಳುತ್ತಾರೆ. ಮಳೆಕೋಟು ಹೊಲಿಯುವ ಕಾರ್ಖಾನೆಯಲ್ಲಿ ನಮ್ಮ ಜೊತೆಗಿದ್ದ ಕಾಲದಿಂದಲೂ ಅವಳು ದೊಡ್ಡವರಿಗೂ ಚಿಕ್ಕವರಿಗೂ ಕತ್ತರಿಯಕ್ಕ.

ಅವಳ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದಾಗ ಬಾಯಲ್ಲಿದ್ದ ದಾರದ ತುಂಡು ಉಗಿದು ಹೇಳಿದಳು: "ಬರೆಯೋದಾದ್ರೆ ನೆಟ್ಟಗೆ ಬರಿ. ಮುಷ್ಕರ, ಬಾವುಟ ಅಂತ ಬರೆದು ನನ್ನನ್ನ ಕಲ್ಲಿನ ಬೊಂಬೆ ಮಾಡಿ ಚೌಕದಲ್ಲಿ ನಿಲ್ಲಿಸ್ಬೇಡ. ಕಾಗೆ ಹೇತುಹೋಗುತ್ತೆ. ಮಗಳಿಗೆ ಮಾಡಿದ್ದನ್ನೂ ಬರಿ. ಅದನ್ನ ಬರೆಯಲ್ಲ ಅಂದ್ರೆ ಮಿಕ್ಕಿದ್ದೂ ಬೇಡ."

ಮುಷ್ಕರದಿಂದಲೇ ಶುರುಮಾಡಬೇಕು, ಬೇರೆ ದಾರಿಯಿಲ್ಲ. ಅವಳ ತಪ್ಪಿನ ಬೇರೂ ಅಲ್ಲೇ ಇದೆ.

ಕಾರ್ಖಾನೆಯಲ್ಲಿ ಕೋಟಿನ ಬಟ್ಟೆಗೆ ನೀರು ಹಿಡಿಯದ ಹಾಗೆ ಒಂದು ಲೇಪ ಬಳಿಯುತ್ತಿದ್ದರು. ಅದರ ಘಾಟಿಗೆ ಕೆಮ್ಮದ ಹೆಂಗಸಿಲ್ಲ. ವರ್ಷಕ್ಕೊಮ್ಮೆ ಕಂಪನಿಯ ಡಾಕ್ಟರು ಬಂದು ಎಲ್ಲರ ಎದೆಗೂ ಕೊಳವೆ ಒತ್ತಿ, "ಆಯ್ತಮ್ಮ, ನಡಿ" ಅನ್ನುತ್ತಿದ್ದರು. ಎದೆಯೊಳಗೆ ಏನು ಕೇಳಿಸಿತು ಎಂಬುದನ್ನು ನಮಗೆ ಹೇಳುತ್ತಿರಲಿಲ್ಲ, ಮ್ಯಾನೇಜರಿಗೆ ಹೇಳುತ್ತಿದ್ದರು. ಯಾರ ಎದೆ ಕೆಟ್ಟಿದೆಯೋ ಅವರಿಗೆ ಕೆಲಸ ಕಮ್ಮಿಯಾದ ಕಾಲ ನೋಡಿ ಗೇಟು ತೋರಿಸುತ್ತಿದ್ದರು. ಇದು ಹೊರಬಿದ್ದ ದಿನ ಕತ್ತರಿಯಕ್ಕ ಲೇಪದ ಖಾಲಿ ಡ್ರಮ್ಮಿನ ಮೇಲೆ ಹತ್ತಿ ನಿಂತಳು. ಹೆಗಲ ಮೇಲೆ ಮಗಳು, ಇನ್ನೂ ಮಾತು ತೊದಲುವ ವಯಸ್ಸು.

"ನಮ್ಮ ಮೈಯ ಸುದ್ದಿ..." ಎಂದು ಇವಳು ಕೂಗಿದರೆ, ಅಂಗಳದಲ್ಲಿ ನಿಂತ ನಾವೆಲ್ಲ "ನಮಗೆ ಮೊದಲು!" ಎನ್ನುತ್ತಿದ್ದೆವು. ನಮ್ಮದು ಮುಗಿದ ಮೇಲೂ ಆ ಮಗು ಒಂದೇ "ಮೊದ್ಲು! ಮೊದ್ಲು!" ಎಂದು ಅಮ್ಮನ ತಲೆ ಬಡಿಯುತ್ತಿತ್ತು.

ಗೆದ್ದೆವು ಎಂದು ಹೇಳಿಕೊಳ್ಳುವಷ್ಟು ಗೆದ್ದೆವು, ಕೆಲಸ ಕಳೆದುಕೊಳ್ಳುವಷ್ಟು ಸೋತೆವು. ಡಾಕ್ಟರು ಮುಖ ನೋಡಿ ಮಾತಾಡುವ ಹಾಗಾಯಿತು. ಡ್ರಮ್ಮು ಹತ್ತಿದವರು ಹೊರಗಾದರು. ಗಂಡ ಅನ್ನುವವನು ಮುಷ್ಕರದ ಮಧ್ಯದಲ್ಲೇ ಮನೆ ಬಿಟ್ಟಿದ್ದ. ಅವನ ಬಗ್ಗೆ ಇಷ್ಟು ಸಾಕು. ಕತ್ತರಿಯಕ್ಕ ಮನೆಯ ಮುಂದಿನ ಕೋಣೆಗೆ ಒಂದು ಹಳೇ ಮಿಷನ್ನು ಹಾಕಿಕೊಂಡು ಮೊಳೆಗೆ ಕತ್ತರಿ ಸಿಕ್ಕಿಸಿದಳು.

ಮಗಳು ಶಾಲೆ ಮುಗಿಸುವ ಹೊತ್ತಿಗೆ ಕತ್ತರಿಯಕ್ಕನ ಕಾಲು ಎಡವಲು ಶುರುವಾಗಿತ್ತು. ಹೊಸ್ತಿಲು, ಚಾಪೆಯ ಅಂಚು, ಬರೀ ನೆಲ, ಯಾವುದಾದರೂ ಸರಿ. "ನೆಲಕ್ಕೂ ನನ್ನ ಮೇಲೆ ಸಿಟ್ಟು" ಎಂದು ನಗುತ್ತಿದ್ದಳು. ಆಮೇಲೊಂದು ದಿನ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಏನೋ ಸುಟ್ಟ ವಾಸನೆ ಬಂತು. ಅಯ್ಯೋ, ಗಿರಾಕಿಯ ಬಟ್ಟೆ ಹೋಯಿತಲ್ಲ ಎಂದು ಗಾಬರಿಯಿಂದ ಇಸ್ತ್ರಿಪೆಟ್ಟಿಗೆ ಎತ್ತಿ ನೋಡಿದರೆ ಬಟ್ಟೆ ಬೆಳ್ಳಗಿದೆ. ಸುಡುತ್ತಿದ್ದುದು ಅವಳ ಎಡಗೈಯ ಅಂಚು. ಕೈಗೆ ಗೊತ್ತೇ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ನರದ ಡಾಕ್ಟರು ನಡುವಯಸ್ಸಿನ ಹೆಂಗಸು. ಗಡಿಬಿಡಿಯಿಲ್ಲದವಳು. ಸುತ್ತಿಗೆಯಲ್ಲಿ ಮಂಡಿ ಬಡಿದಳು, ಸಣ್ಣ ಕರೆಂಟು ಕೊಟ್ಟು ನೋಡಿದಳು, "ಹಿಮ್ಮಡಿ ಮೇಲೆ ನಿಂತು ಮುಂಗಾಲು ಎತ್ತಿ ನೋಡೋಣ" ಎಂದಳು. ಕತ್ತರಿಯಕ್ಕನ ಮುಂಗಾಲು ಮೇಲೇಳಲಿಲ್ಲ.

"ಕರೆಂಟಿನ ತಂತಿಗೆ ಇರೋ ಹಾಗೆ ನರಕ್ಕೂ ಒಂದು ಹೊದಿಕೆ ಇರುತ್ತೆ. ನಿಮ್ಮಲ್ಲಿ ಅದು ಸವೀತಾ ಇದೆ. ದೂರದ ತುದಿಯಿಂದ ಶುರು. ಮೊದ್ಲು ಪಾದ, ಆಮೇಲೆ ಕೈ. ನಿಧಾನಕ್ಕೆ ಒಳಗೆ ಬರುತ್ತೆ."

"ಬಟ್ಟೆಯ ಅಂಚು ಬಿಚ್ಚಿಕೊಂಡ ಹಾಗಾ?"

"ಹಾಗೇ ಅಂದ್ಕೊಳ್ಳಿ."

"ಅಂಚಾದ್ರೆ ಮಡಚಿ ಹೊಲೀಬಹುದು, ಡಾಕ್ಟ್ರೇ."

"ಇದನ್ನ ಹೊಲಿಯೋಕಾಗಲ್ಲ. ಬಿಚ್ಚಿಕೊಳ್ತಾ ಹೋದ ಹಾಗೆ ನೀವೇ ಉಪಾಯ ಮಾಡ್ಕೊಂಡು ಬದುಕ್ಬೇಕು. ನಿಮ್ಮ ಮನೇಲಿ ಯಾರಾದ್ರೂ ಕಾಲು ಎತ್ತೆತ್ತಿ ಇಡ್ತಾ ಇದ್ರಾ?"

ಅಪ್ಪ ಎತ್ತೆತ್ತಿ ಇಡುತ್ತಿದ್ದ. ಅಂಚೆ ಹಂಚುವವನು. ಬೀದಿಯ ಹುಡುಗರು ಕೊಕ್ಕರೆ ಎಂದು ಕರೆಯುತ್ತಿದ್ದರು, ಮೇಲಿನವರು ಕುಡುಕ ಎಂದು ಕೆಲಸದಿಂದ ತೆಗೆದಿದ್ದರು. ಅವನು ಒಂದು ಹನಿ ಮುಟ್ಟಿದವನಲ್ಲ.

"ಮಕ್ಕಳಿದ್ದಾರಾ?"

"ಒಬ್ಳು."

"ಅವಳಿಗೂ ಬಂದಿರಬಹುದು, ಬರ್ದೇನೂ ಇರಬಹುದು. ಅರ್ಧಕ್ಕರ್ಧ. ಅವಳಿಗೆ ಹೇಳಿ, ಕರ್ಕೊಂಡು ಬನ್ನಿ. ಮೊದ್ಲೇ ಗೊತ್ತಾದ್ರೆ ಓದು, ಕೆಲಸ ಎಲ್ಲಾ ಅದಕ್ಕೆ ಹೊಂದಿಸ್ಕೋಬಹುದು."

"ಆಯ್ತು" ಎಂದಳು ಕತ್ತರಿಯಕ್ಕ. ಆ ಆಯ್ತು ಅಲ್ಲೇ ಆಗಿಹೋಯಿತು.

ಮನೆಗೆ ಬಂದು ಮಗಳಿಗೆ ಅರ್ಧ ಹೇಳಿದಳು. ನನಗೆ ನರದ ತೊಂದರೆಯಂತೆ, ವಯಸ್ಸಾದ ಮೇಲೆ ಬರುವುದಂತೆ, ಹಿಮ್ಮಡಿ ಮೇಲೆ ನಿಲ್ಲು ಅಂದರು, ನಾನು ಬಾತುಕೋಳಿ ಹಾಗೆ ಒದ್ದಾಡಿದೆ ಎಂದು ನಟನೆ ಮಾಡಿ ತೋರಿಸಿದಳು. ಮಗಳು ನಕ್ಕು, "ಎಲ್ಲಿ, ನಾನು ಮಾಡ್ತೀನಿ ನೋಡು" ಎಂದು ಎದ್ದಳು.

"ನೀನು ಮಾಡ್ಬೇಡ. ಬಿದ್ದು ಹಲ್ಲು ಮುರ್ಕೊಂಡೀಯ. ಕೂತ್ಕೋ."

ಮಗಳು ಕೂತಳು. ಈ ಒಂದು 'ಕೂತ್ಕೋ' ಆಮೇಲಿನ ಎಷ್ಟೋ ವರ್ಷ ತಾಯಿಯ ಎದೆಯ ಮೇಲೆ ಕೂತಿತ್ತು.

ತನ್ನ ವಿಷಯದಲ್ಲಿ ಮಾತ್ರ ಅವಳು ಮೂಲೆಯಲ್ಲಿ ಕೂತು ಮೂಗು ಒರೆಸಿಕೊಳ್ಳಲಿಲ್ಲ. ಯಾವುದು ಹೋಗುತ್ತದೋ ಅದು ಹೋಗುವುದಕ್ಕೆ ಮುಂಚೆ ಅದರ ಬದಲಿ ಬಂದು ಕೂತಿರಬೇಕು ಅನ್ನುವುದು ಅವಳ ಲೆಕ್ಕ. ಪಾದಕ್ಕೆ ಮಿಷನ್ನಿನ ಪೆಡಲು ತಿಳಿಯದ ಹಾಗಾಗುವ ಮೊದಲೇ ತಮ್ಮನನ್ನು ಕರೆಸಿದಳು. ಅವನು ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್ಕು. ಪೆಡಲು ಕಿತ್ತು, ಸಣ್ಣ ಮೋಟಾರು ಕೂರಿಸಿ, ಮೊಣಕಾಲಿನಿಂದ ಪಕ್ಕಕ್ಕೆ ಒತ್ತುವ ಒಂದು ಕಬ್ಬಿಣದ ಪಟ್ಟಿ ಮಾಡಿಕೊಟ್ಟ. "ಅಕ್ಕ, ಇನ್ನು ಗೇರೊಂದು ಹಾಕಿದ್ರೆ ಮಿಷನ್ನು ರಸ್ತೆಗೆ ಇಳಿಸ್ಬಹುದು" ಎಂದ. ಯಾಕೆ ಬೇಕು ಎಂದು ಅವನು ಕೇಳಿದಾಗಲೂ "ಮಂಡಿನೋವು" ಎಂದಳು.

ಕತ್ತರಿಯ ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದಳು. ಅದೂ ಜಾರತೊಡಗಿದಾಗ ಚಕ್ರದ ಹಾಗೆ ಉರುಳಿಸಿ ಬಟ್ಟೆ ಕತ್ತರಿಸುವ ಬ್ಲೇಡು ತಂದಳು. ಗುಂಡುಪಿನ್ನು ಬಿಟ್ಟು ಬಟ್ಟೆ ಒಣಹಾಕುವ ಕ್ಲಿಪ್ಪು ಹಿಡಿದಳು. ಬೆಳಿಗ್ಗೆ ಬೆರಳು ಹೇಳಿದ ಮಾತು ಕೇಳುವ ಹೊತ್ತಿನಲ್ಲಿ ದಿನಕ್ಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ ಗೋಡೆಗೆ ನೇತುಹಾಕಿದ ಪುಟ್ಟ ದಿಂಬಿಗೆ ಚುಚ್ಚಿಡುತ್ತಿದ್ದಳು. ಪಾದ ಜೋತುಬೀಳದ ಹಾಗೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಪಟ್ಟಿಗೆ ಕೋಟಿನ ಬಟ್ಟೆಯ ಉಳಿಕೆಯಲ್ಲಿ ಬಣ್ಣಬಣ್ಣದ ಗವಸು ಹೊಲಿದುಕೊಂಡಳು. "ಕೈಯೇ ಕೈ ಕೊಟ್ರೆ ಬಾಯಿದೆ. ಮೂರು ಜನ ಹೆಂಗಸರನ್ನ ಕೂರಿಸಿ, ಹೀಗೆ ಕತ್ತರಿಸು, ಹಾಗೆ ಹೊಲಿ ಅಂತ ಬೈತಾ ಇರ್ತೀನಿ. ಸಂಬಳ ಬರೋ ಬೈಗುಳ" ಎನ್ನುತ್ತಿದ್ದಳು.

ಇವೆಲ್ಲದರಲ್ಲಿ ಹೆಸರಾದದ್ದು ಸುಳ್ಳು ಗುಂಡಿ.

ಅವಳಿಗೆ ಮೊದಲು ಕೈಕೊಟ್ಟದ್ದು ತಾನು ತೊಟ್ಟ ಅಂಗಿಯ ಗುಂಡಿ ಹಾಕಿಕೊಳ್ಳುವ ಕೆಲಸ. ಒಳಗೆ ಮುಳ್ಳುಪಟ್ಟಿ ಹೊಲಿದಳು. ಒತ್ತಿದರೆ ಅಂಟುವುದು, ಎಳೆದರೆ ಚರ್‍ರ್ ಎಂದು ಬಿಚ್ಚುವುದು, ಮಕ್ಕಳ ಶೂಗಳಲ್ಲಿ ಇರುತ್ತದಲ್ಲ, ಅದು. ಅದರ ಮೇಲೆ ಹೊರಗಡೆ ಕಾಜದಲ್ಲಿ, ಅಂದರೆ ಗುಂಡಿ ತೂರಿಸುವ ಸೀಳಿನಲ್ಲಿ, ಸಿಕ್ಕಿಸಿದ ಹಾಗೆ ಗುಂಡಿಗಳನ್ನು ಹೊಲಿದಳು. ನೋಡುವವರಿಗೆ ಲಕ್ಷಣವಾದ ಅಂಗಿ. ಗುಂಡಿ ಕೆಲಸ ಮಾಡುವುದಿಲ್ಲ, ಸುಮ್ಮನೆ ಕೂತಿರುತ್ತದೆ. "ದೊಡ್ಡ ಆಫೀಸರ್ ಇದ್ದ ಹಾಗೆ" ಎನ್ನುತ್ತಿದ್ದಳು.

ಬೀದಿಯ ಕೊನೆಯ ಮನೆಯ ಮೇಷ್ಟ್ರಿಗೆ ಕೈ ನಡುಕ. ಅವರ ಹೆಂಡತಿ ತೀರಿಕೊಂಡ ಮೇಲೆ ಗುಂಡಿ ಹಾಕುವವರಿಲ್ಲದೆ ಚಳಿಗಾಲದಲ್ಲೂ ಬನಿಯನ್ನಿನಲ್ಲಿ ಓಡಾಡುತ್ತಿದ್ದರು. ಕತ್ತರಿಯಕ್ಕ ಕರೆದು ಅಂಗಿ ಹೊಲಿದು ಕೊಟ್ಟಳು. ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಚರ್‍ರ್ ಎಂದು ಬಿಚ್ಚಿ, ಮತ್ತೆ ಅಂಟಿಸಿ, ಮತ್ತೆ ಬಿಚ್ಚಿದರು.

"ಇದೇನಮ್ಮ, ನನಗೆ ಮತ್ತೆ ಮದುವೆ ಮಾಡಿಸೋ ಆಲೋಚನೆ ಇದೆಯಾ?"

"ಹೆಣ್ಣು ನೀವೇ ನೋಡ್ಕೊಳ್ಳಿ ಮೇಷ್ಟ್ರೇ. ನಂದು ಗುಂಡಿ ತನಕ ಮಾತ್ರ."

ಆಮೇಲೆ ಕೀಲುನೋವಿನವರು, ಪಾರ್ಶ್ವವಾಯು ಬಡಿದವರು, ಒಂದು ಕೈ ಕಳೆದುಕೊಂಡ ಗಿರಣಿ ಕೆಲಸಗಾರ, ಹೀಗೆ ಒಬ್ಬೊಬ್ಬರೇ ಬಂದರು. ಕೈ ಸೋತವರ ಮಾನ ಮುಚ್ಚುವ ಅಂಗಿ ಎಂದು ಊರೆಲ್ಲ ಹೊಗಳಿತು. ಊರಿನ ಮಂದಿಗೆಲ್ಲ ಮುಂದಾಲೋಚನೆ ಹೊಲಿದುಕೊಡುವವಳು ಮನೆಯೊಳಗಿನವಳಿಗೆ ಒಂದು ಮಾತು ಹೇಳಿರಲಿಲ್ಲ.

ಆ ಹೊತ್ತಿಗೆ ಮಗಳು ಬಸ್ಸಿನ ಡ್ರೈವರು. ನಗರದ ಡಿಪೋದಲ್ಲಿ ಸ್ಟೇರಿಂಗು ಹಿಡಿದ ಕೆಲವೇ ಹೆಂಗಸರಲ್ಲಿ ಒಬ್ಬಳು. ಚಿಕ್ಕಂದಿನಿಂದ ಅದೇ ಹುಚ್ಚು. ಲೈಸೆನ್ಸಿಗೆ ಅರ್ಜಿ ಹಾಕುತ್ತೇನೆ ಎಂದ ದಿನ ಹೇಳಬೇಕೆಂದು ಕತ್ತರಿಯಕ್ಕ ಬಾಯಿ ತೆರೆದಿದ್ದಳಂತೆ. ಮಗಳು ಊಟದ ತಟ್ಟೆಯನ್ನೇ ಸ್ಟೇರಿಂಗು ಮಾಡಿಕೊಂಡು ಪೋಂ ಪೋಂ ಎಂದಳು. ಬಾಯಿ ಮುಚ್ಚಿಕೊಂಡಿತು. ಕೆಲಸ ಸಿಗಲಿ, ಆಮೇಲೆ ಹೇಳೋಣ. ಕೆಲಸ ಸಿಕ್ಕಿತು. ಕಾಯಂ ಆಗಲಿ, ಆಮೇಲೆ. ಒಳ್ಳೆಯ ದಿನ ಹಾಳುಮಾಡುವುದು ಬೇಡ, ಕೆಟ್ಟ ದಿನದ ಮೇಲೆ ಇನ್ನೊಂದು ಹೇರುವುದು ಬೇಡ. ಹೀಗೆ ಲೆಕ್ಕ ಹಾಕಿದರೆ ಹೇಳುವುದಕ್ಕೆ ಒಂದು ದಿನವೂ ಉಳಿಯುವುದಿಲ್ಲ. ಕಾರ್ಖಾನೆಯ ಮ್ಯಾನೇಜರೂ ಹೀಗೇ ಲೆಕ್ಕ ಹಾಕುತ್ತಿದ್ದನೇನೋ.

ಮಗಳ ಶೂಗಳು ಬಾಗಿಲಲ್ಲಿ ಇರುತ್ತಿದ್ದವು. ಕತ್ತರಿಯಕ್ಕ ಅವನ್ನು ಕದ್ದು ತಿರುಗಿಸಿ ನೋಡುತ್ತಿದ್ದಳು. ಬಲಗಾಲಿನ ತುದಿ ಸವೆಯುತ್ತಿತ್ತು, ತನ್ನದು ಸವೆದ ಹಾಗೆಯೇ, ಅಪ್ಪನದು ಸವೆದ ಹಾಗೆಯೇ.

ಒಂದು ಸಂಜೆ ಮಗಳು ಮುಖ ಸಣ್ಣಗೆ ಮಾಡಿಕೊಂಡು ಬಂದಳು. ಸ್ಟಾಪಿನಲ್ಲಿ ಬಸ್ಸು ನಿಲ್ಲಿಸುವಾಗ ಕಾಲು ಬ್ರೇಕಿನ ಮೇಲೆ ಇದೆ ಅಂದುಕೊಂಡಳಂತೆ, ಇರಲಿಲ್ಲವಂತೆ. ಬಸ್ಸು ಕಂಬಕ್ಕೆ ಗುದ್ದಿತು. ಕಂಬ ಬಾಗಿತು, ಒಬ್ಬ ಹೆಂಗಸಿನ ಚೀಲದ ಮೊಟ್ಟೆಗಳು ಒಡೆದವು, ಬೇರೆ ಯಾರಿಗೂ ಏನೂ ಆಗಲಿಲ್ಲ.

"ಹೊಸ ಶೂ ಅಲ್ವಾ, ಅಟ್ಟೆ ದಪ್ಪ. ಗೊತ್ತಾಗ್ಲಿಲ್ಲ" ಎಂದಳು ಮಗಳು.

"ಹೂಂ, ಅಟ್ಟೆ ದಪ್ಪ ಇದ್ರೆ ಹಾಗೆ" ಎಂದಳು ತಾಯಿ.

ನನಗೆ ಇದನ್ನು ಹೇಳುವಾಗ ಕತ್ತರಿಯಕ್ಕ ಮಿಷನ್ನು ನಿಲ್ಲಿಸಿದಳು. "ಅವಳು ಸುಳ್ಳು ಹೇಳ್ಲಿಲ್ಲ, ಅವಳಿಗೆ ಗೊತ್ತಿರ್ಲಿಲ್ಲ. ಸುಳ್ಳನ್ನ ನಾನು ಎತ್ತಿ ಅವಳ ಕಾಲಿಗೆ ತೊಡಿಸ್ದೆ. ಮರುದಿನ ಡಬ್ಬಿ ಕಟ್ಟಿ ಡ್ಯೂಟಿಗೂ ಕಳಿಸ್ದೆ. ಆ ಬಸ್ಸಲ್ಲಿ ಮಂದಿ ಇರ್ತಾರೆ, ಮಕ್ಕಳಿರ್ತಾರೆ ಅಂತ ಗೊತ್ತಿದ್ದೂ."

ಹೇಳುವ ಬದಲು ಅವಳು ಮಾಡಿದ್ದೇನು ಗೊತ್ತೇ? ಹೊಲಿದಳು. ಚಳಿಯ ಬೆಳಗಿನಲ್ಲಿ ಮಗಳು ಸಮವಸ್ತ್ರದ ಕಾಲರಿನ ಗುಂಡಿ ಹಾಕಲು ತಡಕಾಡುವುದನ್ನು ನೋಡಿದ್ದಳು. ಖಾಕಿ ಬಟ್ಟೆ ತಂದು ಹೊಸ ಅಂಗಿ ಹೊಲಿದಳು. ಒಳಗೆ ಮುಳ್ಳುಪಟ್ಟಿ, ಹೊರಗೆ ಡಿಪೋದ ಹಿತ್ತಾಳೆ ಗುಂಡಿಗಳು. ಅದಕ್ಕಿಂತ ಚೊಕ್ಕ ಕೆಲಸ ಅವಳ ಕೈಯಿಂದ ಯಾವತ್ತೂ ಬಂದಿರಲಿಲ್ಲ.

"ಬೆಳಗಿನ ಪಾಳಿಗೆ ಹೊತ್ತಾಯ್ತು, ಹೊತ್ತಾಯ್ತು ಅಂತ ಕುಣೀತೀಯಲ್ಲ. ತಗೋ. ಒಂದು ಸಲ ಒತ್ತಿದ್ರೆ ಮುಗೀತು."

ಮಗಳು ಹಾಕಿಕೊಂಡು ಕುಣಿದಳು. "ಅಮ್ಮ, ನೀನು ಭಾರೀ ಕಿಲಾಡಿ" ಎಂದಳು. ಕತ್ತರಿಯಕ್ಕ ಆ ಮಾತನ್ನು ಇನ್ನೂ ನುಂಗಲಾರದೆ ಇಟ್ಟುಕೊಂಡಿದ್ದಾಳೆ.

ಡಿಪೋದಲ್ಲಿ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಹಾಜರಿ ಕೊಡುವ ಹೊತ್ತು. ಮಗಳು ಹೆಗಲಿಗೆ ಹಾಕಿದ್ದ ಚೀಲದ ಪಟ್ಟಿ ಕಟಕಟೆಯ ಕೊಕ್ಕೆಗೆ ಸಿಕ್ಕಿಕೊಂಡಿತು. ಅವಳು ಮುಂದಕ್ಕೆ ಹೆಜ್ಜೆ ಇಟ್ಟಳು, ಚೀಲ ಹಿಂದಕ್ಕೆ ಎಳೆಯಿತು. ಚರ್‍ರ್! ಅಂಗಿ ಕುತ್ತಿಗೆಯಿಂದ ಸೊಂಟದವರೆಗೆ ಬಾಯಿಬಿಟ್ಟಿತು. ಒಳಗೆ ಬನಿಯನ್ ಇತ್ತು, ಪುಣ್ಯ. ಗುಂಡಿಗಳು ಮಾತ್ರ ಒಂದೂ ಅಲ್ಲಾಡದೆ ಸಾಲಾಗಿ ಕೂತಿದ್ದವು. ಗಂಡಸರ ಸಾಲು ಗೊಳ್ಳನೆ ನಕ್ಕಿತು.

"ಏನಮ್ಮ ಇದು, ಅಂಗಿನಾ, ನಾಟಕದ ಪರದೆನಾ?"

ಬಸ್ಸಿನಲ್ಲಿ ಅವಳ ಜೊತೆ ಹೋಗುವ ಕಂಡಕ್ಟರು ಹೆಂಗಸು ಓಡಿಬಂದು ಅಡ್ಡ ನಿಂತು ಪಟ್ಟಿ ಒತ್ತಿದಳು. ಒತ್ತುತ್ತಾ ತಮಾಷೆಗೆ ಎಂದಳು: "ಅಯ್ಯೋ, ಇದು ನಮ್ಮ ಮಾವನಿಗೆ ನಿಮ್ಮಮ್ಮ ಹೊಲಿದುಕೊಟ್ರಲ್ಲ, ಅದೇ ಅಂಗಿ ಕಣೇ. ಕೈ ಬಿದ್ದುಹೋದೋರ ಅಂಗಿ. ನಿಂಗ್ಯಾಕೇ ಇದು?"

ನಿಂಗ್ಯಾಕೇ ಇದು. ಮಗಳು ಆ ಪ್ರಶ್ನೆ ಹಿಡಿದುಕೊಂಡು ಹೆಂಗಸರ ಶೌಚಾಲಯಕ್ಕೆ ಹೋದಳು. ಬಾಗಿಲ ಚಿಲಕ ಹಾಕಿದಳು. ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಿಂತು ಮುಂಗಾಲು ಎತ್ತಿದಳು. ಎಡಗಾಲು ಸ್ವಲ್ಪ ಎದ್ದಿತು. ಬಲಗಾಲು, ನೀನು ಯಾರಿಗೆ ಹೇಳುತ್ತಿದ್ದೀಯ ಎನ್ನುವ ಹಾಗೆ ಬಿದ್ದುಕೊಂಡಿತ್ತು.

ಆ ದಿನ ಅವಳು ಬಸ್ಸು ಹತ್ತಲಿಲ್ಲ. ಮೇಲಿನವರಿಗೆ "ಕಾಲಿನಲ್ಲಿ ಶಕ್ತಿ ಇಲ್ಲ, ಗಾಡಿ ಓಡಿಸಲ್ಲ" ಎಂದು ಹೇಳಿ ಮನೆಗೆ ನಡೆದಳು.

ಕತ್ತರಿಯಕ್ಕ ಮೇಷ್ಟ್ರಿಗೆ ಕೋಟಿನ ಅಳತೆ ನೋಡುತ್ತಿದ್ದಳು. ಒಂದು ತೋಳು ಕ್ಲಿಪ್ಪು ಹಾಕಿ ಮುಗಿದಿತ್ತು, ಇನ್ನೊಂದು ಅವಳ ಕೈಯಲ್ಲಿತ್ತು. ಮಗಳು ಬಾಗಿಲಲ್ಲೇ ನಿಂತು ಕೇಳಿದಳು.

"ಅಮ್ಮ, ಈ ಅಂಗಿ ನಂಗೆ ಹೊಲಿದಿದ್ದಾ, ನನ್ನ ಕಾಯಿಲೆಗೆ ಹೊಲಿದಿದ್ದಾ?"

ಮೇಷ್ಟ್ರು ಬಾಗಿಲ ಕಡೆ ನೋಡಿದರು. "ನಾನು ಆಮೇಲೆ ಬರ್ತೀನಿ ತಾಯಿ."

"ಕೂತ್ಕೊಳ್ಳಿ ಮೇಷ್ಟ್ರೇ" ಎಂದಳು ಮಗಳು. "ನಿಮ್ಮ ಒಂದು ತೋಳು ಅಮ್ಮನ ಹತ್ರ ಇದೆ. ಎಲ್ಲಿಗೆ ಹೋಗ್ತೀರಾ? ಹೇಳಮ್ಮ. ಯಾವಾಗಿಂದ ಗೊತ್ತು?"

"ಕೈ ಸುಟ್ಕೊಂಡಾಗಿಂದ."

"ಅಂದ್ರೆ ನಾನು ಗಾಡಿ ಕಲಿಯೋಕೂ ಮುಂಚೆ."

"ಹೂಂ."

"ಹಿಮ್ಮಡಿ ಮೇಲೆ ನಿಲ್ತೀನಿ ಅಂದಾಗ ಕೂತ್ಕೋ ಅಂದಿದ್ದು ಅದಕ್ಕೇನಾ?"

"ಹೂಂ."

"ಕಂಬಕ್ಕೆ ಗುದ್ದಿದ ದಿನ?"

ಕತ್ತರಿಯಕ್ಕ ಕೈಯಲ್ಲಿದ್ದ ತೋಳನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಗೊತ್ತಿತ್ತು."

"ಆ ಕಂಬದ ಜಾಗದಲ್ಲಿ ಮಗು ನಿಂತಿದ್ರೆ ಏನು ಮಾಡ್ತಿದ್ದೆ? ಅದಕ್ಕೂ ಒಂದು ಅಂಗಿ ಹೊಲೀತಿದ್ಯಾ?"

ಮೇಷ್ಟ್ರು ನೆಲ ನೋಡುತ್ತಿದ್ದರು.

"ಇನ್ನೊಂದು ವರ್ಷ ನೀನು ಖುಷಿಯಾಗಿ ಇರ್ಲಿ ಅಂತ..." ಎಂದಳು ತಾಯಿ.

"ಯಾರ ಖುಷಿಯಮ್ಮ? ನೋಡೋ ಖುಷಿ ನಿಂದು, ಬೀಳೋ ಕಾಲು ನಂದು. ಹೆಗಲ ಮೇಲೆ ಕೂರಿಸ್ಕೊಂಡು ನನ್ನ ಕೈಲಿ ಏನು ಕೂಗಿಸ್ತಿದ್ದೆ? ಹೇಳು. ಒಂದು ಸಲ ಹೇಳು ಸಾಕು."

ಡ್ರಮ್ಮಿನ ಮೇಲೆ ನಿಂತು ಇಡೀ ಕಾರ್ಖಾನೆಗೆ ಕೇಳಿಸುವ ಹಾಗೆ ಕೂಗಿದ ಬಾಯಿ ತೆರೆಯಲಿಲ್ಲ. ಮಗಳು ಅಂಗಿಯನ್ನು ಚರ್‍ರ್ ಎಂದು ಎಳೆದು, ತೆಗೆದು, ಮಿಷನ್ನಿನ ಮೇಲೆ ಹಾಕಿ, ಬನಿಯನ್ನಿನಲ್ಲೇ ಒಳಗೆ ಹೋದಳು. ಮೇಷ್ಟ್ರು ಮೆಲ್ಲಗೆ ಕೇಳಿದರು: "ನನ್ನ ತೋಳು..."

ಡಾಕ್ಟರ ಹತ್ತಿರ ಮಗಳು ತಾಯಿಯನ್ನು ಕರೆದುಕೊಂಡು ಹೋಗಲಿಲ್ಲ. ಸೋದರಮಾವನ ಜೊತೆ ಹೋದಳು. ಅವಳಿಗೂ ಅದೇ. ಕಾಲಲ್ಲಿ ಶುರುವಾಗಿದೆ, ಬೆರಳ ತುದಿಗೆ ಬರುತ್ತಿದೆ, ನಿಧಾನ. ಸುದ್ದಿ ತಂದ ತಮ್ಮ ಅಂಗಡಿಯೊಳಗೆ ಕೂರಲೂ ಇಲ್ಲ.

"ಅಕ್ಕ, ಮಂಡಿನೋವು ಅಂದ್ಯಲ್ಲ. ಮೊಣಕಾಲಿನ ಪಟ್ಟಿ ನನ್ನ ಕೈಲೇ ಮಾಡಿಸ್ಕೊಂಡೆ. ನಾನೂ ಆ ಅಪ್ಪನ ಮಗನೇ ಅಲ್ವಾ? ನಂಗೂ ಇಬ್ರು ಮಕ್ಕಳಿದ್ದಾರೆ. ಬೆಳಿಗ್ಗೆಯಿಂದ ಗ್ಯಾರೇಜಿನಲ್ಲಿ ಹಿಮ್ಮಡಿ ಮೇಲೆ ನಿಂತು ನಿಂತು ನೋಡ್ತಾ ಇದ್ದೀನಿ. ಕೆಲಸದೋರು ನಂಗೆ ತಲೆ ಕೆಟ್ಟಿದೆ ಅಂತಿದ್ದಾರೆ."

"ನಿಲ್ಲೋಕಾಗುತ್ತಾ?" ಎಂದು ಕೇಳಿದಳು ಅಕ್ಕ.

"ಆಗುತ್ತೆ. ಅದಕ್ಕೇ ನಿನ್ನ ಮೇಲೆ ಕೂಗಾಡೋ ಶಕ್ತಿ ಇದೆ."

ಡಿಪೋದವರು ಮಗಳನ್ನು ಮನೆಯಲ್ಲೇ ಇರು ಎಂದರು. ಓಡಿಸಲಾರದ ಡ್ರೈವರು ನಮಗೇಕೆ ಎಂಬುದು ಅವರ ವಾದ. ಬೇರೆ ಕೆಲಸ ಕೊಡಿ ಎಂದು ಸಂಘದವರು ಗೇಟಿನ ಮುಂದೆ ಕೂತರು. ಕಾರ್ಖಾನೆಯ ಹಳಬರು ನಾವೂ ಹೋಗಿದ್ದೆವು. ಕತ್ತರಿಯಕ್ಕನೂ ಬಂದಳು. ಬಂದವಳು ಮುಂದೆ ಬರಲಿಲ್ಲ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಕೆಳಗೆ ಕೋಲು ಹಿಡಿದು ನಿಂತಳು.

"ಅಕ್ಕ, ಒಂದು ಘೋಷಣೆ ಎತ್ತಿಕೊಡು. ನಿನ್ನ ದನಿಗೆ ಗೇಟು ತಾನಾಗೇ ತೆಗೆಯುತ್ತೆ" ಎಂದು ನಾವೇ ಹೋಗಿ ಕರೆದೆವು.

"ಯಾವ ಬಾಯಲ್ಲಿ ಕೂಗ್ಲಿ?" ಎಂದಳು. ನಾವು ಒತ್ತಾಯ ಮಾಡಲಿಲ್ಲ.

ಮಗಳೇ ಮಾತಾಡಿದಳು. ತಾಯಿಯ ಹಾಗೆ ಗಂಟಲು ಹರಿಯುವ ಮಾತಲ್ಲ. ಸ್ಟಾಪಿನ ಹೆಸರು ಹೇಳುವ ಹಾಗೆ ಸಪ್ಪಗೆ ಹೇಳಿದಳು. "ಕಾಯಿಲೆ ಇದೆ ಅಂತ ನಾನೇ ಬಂದು ಹೇಳ್ದೆ. ಹೇಳಿದೋರ ಕೆಲಸ ಕಿತ್ಕೊಂಡ್ರೆ ನಾಳೆಯಿಂದ ಯಾರೂ ಹೇಳಲ್ಲ. ಮುಚ್ಚಿಟ್ಕೊಂಡು ಓಡಿಸ್ತಾರೆ. ಮುಚ್ಚಿಟ್ರೆ ಹೇಗಿರುತ್ತೆ ಅಂತ ನಮ್ಮ ಮನೇಲೇ ನೋಡಿದ್ದೀನಿ."

ತಗಡಿನ ಚಪ್ಪರದ ಕೆಳಗೆ ಕತ್ತರಿಯಕ್ಕ ತಲೆ ತಗ್ಗಿಸಲಿಲ್ಲ. ಅಷ್ಟು ಮಟ್ಟಿಗೆ ಅವಳನ್ನು ಮೆಚ್ಚಬೇಕು. ಎಲ್ಲರೂ ತಿರುಗಿ ನೋಡಿದರು. ನೋಡಿಸಿಕೊಂಡಳು.

ಬಸ್ಸುಗಳ ಹೊತ್ತು ನೋಡಿ ಹೊರಡಿಸುವ ಗಾಜಿನ ಕೋಣೆಯಲ್ಲಿ ಮಗಳಿಗೆ ಕೆಲಸ ಕೊಟ್ಟರು. ಗೆಲುವು ಎಂದು ನಾವು ಚಪ್ಪಾಳೆ ತಟ್ಟಿದೆವು. ಅವಳಿಗೆ ಆ ಕೋಣೆ ಕಂಡರಾಗದು. ತನ್ನ ಬಸ್ಸನ್ನು ಬೇರೆಯವನು ಗೇರು ಕಿರುಗುಟ್ಟಿಸುತ್ತಾ ತೆಗೆದುಕೊಂಡು ಹೋಗುವುದನ್ನು ದಿನವೂ ಗಾಜಿನಿಂದ ನೋಡಬೇಕು.

ಮನೆಯಲ್ಲಿ ಬೇಕಾದಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು. ಕತ್ತರಿಯಕ್ಕ ಕ್ಷಮಿಸು ಎನ್ನಲಿಲ್ಲ. "ಆ ಮಾತು ಆಡಿಬಿಟ್ರೆ ನಂಗೆ ಹಗುರ ಆಗುತ್ತೆ. ಅವಳಿಗೇನು ಸಿಗುತ್ತೆ?" ಎಂದು ನನ್ನನ್ನೇ ಕೇಳಿದಳು. ಹಗಲು ಹೊತ್ತು ಅಂಗಡಿಯಲ್ಲಿ ಬೇರೆಯವರ ಅಂಗಿಗೆ ಸುಳ್ಳು ಗುಂಡಿ ಹೊಲಿಯುವಾಗ ಕೈ ನಿಂತುಹೋಗುತ್ತಿತ್ತಂತೆ. ಈಗ ಬಂದವರನ್ನೆಲ್ಲ ಮೊದಲು ಕೂರಿಸಿ ಕೇಳುತ್ತಾಳೆ: ಇದು ನಿಮಗೆ ಬೇಕು ಅಂತ ಯಾರು ಹೇಳಿದ್ದು, ನೀವಾ, ನಿಮ್ಮ ಮನೆಯವರಾ?

ಮೊನ್ನೆ ಒಂದು ರಜೆಯ ದಿನ ಮಗಳು ಬೂದು ಬಣ್ಣದ ಬಟ್ಟೆ ತಂದು ಮಿಷನ್ನಿನ ಮೇಲೆ ಇಟ್ಟಳು.

"ಹೊಸ ಕೆಲಸದ ಅಂಗಿ. ನಿಜವಾದ ಗುಂಡಿ ಬೇಕು. ನಿಜವಾದ ಕಾಜ."

"ಮೈ ಹೊಲಿದುಕೊಡ್ತೀನಿ. ಕಾಜ ಈಗ ನನ್ನ ಬೆರಳಲ್ಲಿ ಆಗಲ್ಲ, ಪುಟ್ಟಿ."

"ಕಾಜ ನಾನು ಮಾಡ್ತೀನಿ. ನೀನು ಹೇಳು. ಹೇಳೋದು ನಿಂಗೆ ಕಷ್ಟ, ಗೊತ್ತು. ಆದ್ರೂ ಹೇಳು."

ಕತ್ತರಿಯಕ್ಕ ಬ್ಲೇಡು ಉರುಳಿಸಿದಳು, ಮೊಣಕಾಲಿನಿಂದ ಪಟ್ಟಿ ಒತ್ತಿ ಮಿಷನ್ನು ಓಡಿಸಿದಳು. ಎದೆಯ ಮಡಿಕೆಗೆ ಬಂದಾಗ ನಿಲ್ಲಿಸಿದಳು. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಯಾರನ್ನೂ ಕೇಳದೆ ಒಳಗೆ ಒಂದಿಷ್ಟು ಬಟ್ಟೆ ಬಿಡುವುದು ದರ್ಜಿಗಳ ಅಭ್ಯಾಸ. ಅವಳ ಕೈ ಆಗಲೇ ಅಗಲವಾಗಿ ಮಡಚಿತ್ತು. ಮಡಿಕೆಯನ್ನು ಬಿಚ್ಚಿ ಕೇಳಿದಳು:

"ಇಲ್ಲಿ ಒಳಗೆ ಜಾಗ ಬಿಡ್ಲಾ? ಮುಂದೆ ಯಾವತ್ತಾದ್ರೂ ಪಟ್ಟಿ ಹಾಕ್ಬೇಕು ಅಂದ್ರೆ..."

"ಹಾಕ್ಬೇಕಾದಾಗ ನಾನು ಹೇಳ್ತೀನಿ. ನೀನು ನೋಡಿ ಹೇಳ್ಬಾರ್ದು."

"ಇಲ್ಲ."

ಮಗಳು ಬಿಚ್ಚಿದ ಮಡಿಕೆಯ ಮೇಲೆ ಬೆರಳು ಓಡಿಸಿದಳು. "ಬಿಡು" ಎಂದಳು.

ಜಾಗವನ್ನು ಬಿಡು ಅಂದಳೋ, ಆ ಮಾತನ್ನು ಬಿಡು ಅಂದಳೋ. ಕೇಳುವ ಧೈರ್ಯವಾಗಲಿಲ್ಲ ಎನ್ನುತ್ತಾಳೆ ಕತ್ತರಿಯಕ್ಕ. ಜಾಗ ಬಿಟ್ಟಳು.

ಆಮೇಲೆ ಕಾಜದ ಪಾಠ. "ಮೊದ್ಲೇ ಸೀಳ್ಬೇಡ. ಸುತ್ತ ದಾರ ಓಡಿಸ್ಕೋ. ಈಗ ಸೀಳು. ಸೂಜಿ ಒಳಗಿಂದ ತಗೋ, ದಾರದ ಕುಣಿಕೆ ಸೂಜಿ ಕೆಳಗೆ ಬರ್ಲಿ. ಅಷ್ಟು ಎಳೀಬೇಡ, ಅದೇನು ಹ್ಯಾಂಡ್‌ಬ್ರೇಕಾ?" ಎಂದುಬಿಟ್ಟು ನಾಲಗೆ ಕಚ್ಚಿಕೊಂಡಳು. ಮಗಳು ತಲೆ ಎತ್ತದೆ, "ಹ್ಯಾಂಡ್‌ಬ್ರೇಕು ಇದಕ್ಕಿಂತ ಸಲೀಸು" ಎಂದಳು. ಕಾಜಗಳು ಅಂಕುಡೊಂಕಾದವು. ಒಂದು ಬಾಯಿ ಸೊಟ್ಟ, ಇನ್ನೊಂದು ಕಣ್ಣು ಮುಚ್ಚಿದ ಹಾಗೆ. ಕತ್ತರಿಯಕ್ಕ ಒಂದನ್ನೂ ಬಿಚ್ಚಿಸಲಿಲ್ಲ.

ಮರುದಿನ ಬೆಳಿಗ್ಗೆ ಮಗಳು ಅಂಗಡಿಯ ಕನ್ನಡಿಯ ಮುಂದೆ ನಿಂತು ಅಂಗಿ ತೊಟ್ಟಳು. ಬಿಗಿ ಕಾಜ, ಮರಗಟ್ಟಿದ ಬೆರಳು. ಗುಂಡಿ ಹೋದ ಹಾಗೆ ಮಾಡಿ ವಾಪಸು ಬರುತ್ತಿತ್ತು. ಕತ್ತರಿಯಕ್ಕ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಓರೆಗಣ್ಣಿನಿಂದ ನೋಡುತ್ತಿದ್ದಳು.

"ಕದ್ದು ನೋಡ್ಬೇಡ ಅಮ್ಮ. ನೋಡೋದಾದ್ರೆ ನೆಟ್ಟಗೆ ನೋಡು."

ಅವಳು ಸೂಜಿ ಕೆಳಗಿಟ್ಟಳು. ಕುರ್ಚಿ ತಿರುಗಿಸಿಕೊಂಡು ಮಗಳ ಎದುರಿಗೆ ಕೂತಳು. ಮೊದಲ ಗುಂಡಿ ಜಾರಿತು. ತಾಯಿಯ ಕೈ ತಾನಾಗಿ ಮೇಲೆದ್ದಿತು. ಅದನ್ನು ಎಳೆದುಕೊಂಡು ತೊಡೆಯ ಕೆಳಗೆ ಇಟ್ಟು, ಇನ್ನೊಂದನ್ನೂ ಇಟ್ಟು, ಅವುಗಳ ಮೇಲೆ ಗಟ್ಟಿಯಾಗಿ ಕೂತಳು. ಮಗಳು ಮತ್ತೆ ಮೇಲಿನ ಗುಂಡಿಯಿಂದ ಶುರುಮಾಡಿದಳು.